ಸಪ್ಪಳಕ್ಕೂ ನಡುಕಕ್ಕೂ ನಡುವೆ

ಆತಂಕಪಡುವಂಥದ್ದು ಏನೂ ಇಲ್ಲ ಎಂದು ಕ್ಯಾಮೆರಾ ಮುಂದೆ ಓದಿಬಿಡಿ, ಅಷ್ಟೇ, ಎಂದು ಭೂವಿಜ್ಞಾನ ಸಂಸ್ಥೆಯ ನಿರ್ದೇಶಕರು ಮತ್ತೊಮ್ಮೆ ಹೇಳಿದಾಗ ಮಾಧುರಿಗೆ ಸಿಟ್ಟು ಬರಬೇಕಾದಲ್ಲಿ ಆಕಳಿಕೆ ಬಂತು. ಅದನ್ನು ಅದುಮಲು ಹೋಗಿ ಕಣ್ಣಲ್ಲಿ ನೀರಾಡಿತು. ನೀರು ನೋಡಿದ ನಿರ್ದೇಶಕರು ತಮ್ಮ ಮಾತಿಗೆ ಇವಳು ನೊಂದಳೆಂದು ತಿಳಿದು, ದನಿ ಮೆತ್ತಗೆ ಮಾಡಿಕೊಂಡು, ನೀರಿನ ಲೋಟ ಅವಳ ಕಡೆ ಸರಿಸಿದರು. ಇದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಪುಣೆಯ ಶಿವಾಜಿನಗರದ ಆ ಕಚೇರಿಯಲ್ಲಿ ಎಸಿ ಕೆಟ್ಟು ವಾರವಾಗಿತ್ತು. ಕಿಟಕಿ ತೆರೆದರೆ ಬಸ್ಸುಗಳ ಹಾರ್ನು, ಮುಚ್ಚಿದರೆ ಬೆವರು. ನಿರ್ದೇಶಕರು ತೆರೆಯಲೂ ಬಿಡದೆ ಮುಚ್ಚಲೂ ಬಿಡದೆ ಅರ್ಧ ತೆರೆಸಿಟ್ಟಿದ್ದರು. ಎಲ್ಲದರಲ್ಲೂ ಅವರ ಪದ್ಧತಿ ಇದೇ. ಎದುರಿಗಿದ್ದ ಹಾಳೆಯಲ್ಲಿ ಮರಾಠಿಯಲ್ಲಿ ನಾಲ್ಕು ಸಾಲು ಟೈಪಾಗಿತ್ತು: ಪುಣೆಯ ಕೆಳಗೆ ಲಾವಾ ಇಲ್ಲ, ಏನೂ ಇಲ್ಲ, ಭೂಕಂಪ ಆಗುವುದಿಲ್ಲ, ನಾಗರಿಕರು ವದಂತಿಗೆ ಕಿವಿಗೊಡಬಾರದು. ಕೆಳಗೆ ಅವಳ ಹೆಸರು, ಹೆಸರಿನ ಮುಂದೆ ಡಾಕ್ಟರ್.

ಲಾವಾ ಇಲ್ಲ ಅನ್ನುವುದು ನಿಜ, ಅದನ್ನು ಬೇಕಾದರೆ ಓದುತ್ತೇನೆ, ಆದರೆ ಏನೂ ಇಲ್ಲ ಅನ್ನುವುದು ಸುಳ್ಳು, ಭೂಕಂಪ ಆಗುವುದಿಲ್ಲ ಅನ್ನುವುದು ಯಾರಿಗೂ ಹೇಳಲು ಬರದ ಮಾತು ಎಂದು ಅವಳು ಹೇಳಿದಳು. ಹಾಗಾದರೆ ಆಗುತ್ತದೆಯೇ ಎಂದರು ಅವರು. ಅದೂ ಹೇಳಲು ಬರುವುದಿಲ್ಲ ಎಂದಳು. ನಿರ್ದೇಶಕರು ಕನ್ನಡಕ ತೆಗೆದು ಮೂಗಿನ ಮೇಲಿನ ಗೀರು ಉಜ್ಜಿಕೊಂಡರು. ಅವರೂ ಇದೇ ವಿಷಯ ಓದಿದವರು, ಇದೇ ಮಾತನ್ನು ಇವಳಿಗೆ ಕಲಿಸಿದವರು. ಈಗ ಅವರ ಮುಖದಲ್ಲಿ, ತನ್ನನ್ನು ಸಂದರ್ಶಿಸಿದ್ದ ಟಿವಿ ವರದಿಗಾರ ಹುಡುಗನ ಮುಖವೇ ಬಂದು ಕೂತಿದೆಯಲ್ಲ ಎಂದು ಮಾಧುರಿ ನೋಡುತ್ತಿದ್ದಳು. ಹೌದೋ ಅಲ್ಲವೋ, ಎರಡರಲ್ಲಿ ಒಂದು ಹೇಳಿ ಮೇಡಂ. ಆ ಹುಡುಗನೂ ಹೀಗೇ ಅಂದಿದ್ದ. ಅವನಿಗೆ ಅವಳು ಎಷ್ಟು ಬಿಡಿಸಿ ಹೇಳಿದ್ದಳು. ನೆಲದಲ್ಲಿ ಕೊಳವೆ ಕೊರೆದು ಸಣ್ಣದೊಂದು ಸಿಡಿತ ಮಾಡುತ್ತೇವೆ, ಅದರ ಅಲೆ ಕೆಳಗಿಳಿಯುತ್ತದೆ, ಒಂದೊಂದು ಪದರಕ್ಕೆ ತಾಗಿದಾಗಲೂ ಸ್ವಲ್ಪ ಸ್ವಲ್ಪ ವಾಪಸು ಬರುತ್ತದೆ, ನೆಲದ ಮೇಲೆ ಸಾಲಾಗಿ ಹೂತಿಟ್ಟ ಯಂತ್ರಗಳು ಅದನ್ನು ಕೇಳಿಸಿಕೊಳ್ಳುತ್ತವೆ, ಕಲ್ಲಂಗಡಿ ತಟ್ಟಿ ನೋಡಿದ ಹಾಗೆ. ಕಷ್ಟವೆಂದರೆ ನಮ್ಮ ಈ ಕರಿಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಉಕ್ಕಿದ ಲಾವಾ ಒಂದರ ಮೇಲೊಂದು ದೋಸೆ ಪೇರಿಸಿದಂತೆ ಆರಿ ಕೂತಿದೆ. ಅಲೆ ಆ ದೋಸೆಗಳ ನಡುವೆಯೇ ಸಿಕ್ಕಿಕೊಂಡು ಮೇಲೆ ಕೆಳಗೆ ಬಡಿದಾಡಿ, ತಾನು ಭಾಳ ಆಳದಿಂದ ಬಂದೆ ಎಂದು ಸುಳ್ಳು ಹೇಳುತ್ತದೆ. ಆ ಸುಳ್ಳುಗಳನ್ನೆಲ್ಲ ಸೋಸಿ ತೆಗೆದರೆ, ನಿಜವಾಗಿಯೂ ಆಳದಿಂದ ಬಂದ ಒಂದು ಸಣ್ಣ ದನಿ ಉಳಿಯುತ್ತದೆ. ಅಲ್ಲಿ, ಭೂಮಿಯ ಹೊರಪದರದ ನಡುವಿನಲ್ಲಿ, ಅವಳಿಗೊಂದು ದಟ್ಟ ಗೆರೆ ಕಂಡಿತ್ತು. ಮೇಲೆ ಬರಲಾಗದೆ ಅಲ್ಲೇ ನಿಂತು ಎಂದೋ ತಣ್ಣಗಾದ ಶಿಲಾರಸ ಇರಬಹುದು. ಇರಬಹುದು ಅಷ್ಟೇ. ಹುಡುಗ ತಲೆಯಾಡಿಸಿ ಕೇಳಿಸಿಕೊಂಡು ಹೋಗಿ, ಪುಣೆಯ ಒಡಲಲ್ಲಿ ಲಾವಾ ಎಂದು ಹಾಕಿದ. ತಣ್ಣಗಾದದ್ದು ಅನ್ನುವ ಮಾತು ಅವನ ಕತ್ತರಿಗೆ ಹೋಗಿತ್ತು.

ಇರಬಹುದು ಅನ್ನುವುದನ್ನು ಹೌದು ಅಥವಾ ಅಲ್ಲ ಮಾಡಿಕೊಳ್ಳಲೆಂದೇ ಈ ಚಳಿಗಾಲಕ್ಕೆ ಯಂತ್ರಗಳ ಇನ್ನೊಂದು ಸಾಲು ಹಾಕಬೇಕಾಗಿತ್ತು, ಘಟ್ಟದ ಬುಡದಿಂದ ಪೂರ್ವಕ್ಕೆ. ವರ್ಷಗಟ್ಟಲೆ ಅಲೆದಾಡಿ ಪಡೆದ ಒಪ್ಪಿಗೆ. ಈಗ ಒಂದೊಂದೇ ಗ್ರಾಮ ಪಂಚಾಯಿತಿ, ನಮ್ಮ ನೆಲದಲ್ಲಿ ಸಿಡಿತ ಬೇಡ, ಕೆಳಗಿನ ಲಾವಾ ಕೆದಕುವುದು ಬೇಡ ಎಂದು ಠರಾವು ಪಾಸು ಮಾಡಿ ಕಳಿಸುತ್ತಿತ್ತು. ಓದಿದರೆ ಒಪ್ಪಿಗೆ ಉಳಿಯುತ್ತದೆ, ಇಲ್ಲದಿದ್ದರೆ ಈ ವರ್ಷದ ಕೆಲಸ ಮರೆತುಬಿಡಿ, ಸಂಜೆ ಕ್ಯಾಮೆರಾದವರು ಬರುತ್ತಾರೆ ಎಂದರು ನಿರ್ದೇಶಕರು. ಒಂದು ಸುಳ್ಳು ಓದಿದರೆ ಒಂದು ನಿಜ ಸಿಗುತ್ತದೆ ಎಂದು ಮಾಧುರಿ ಅಂದುಕೊಂಡಳು; ಅದು ತನಗೆ ಇಷ್ಟು ಸಲೀಸಾಗಿ ಹೊಳೆಯಿತಲ್ಲ ಎಂದು ಅಸಹ್ಯವಾಯಿತು. ಅಷ್ಟರಲ್ಲಿ ಫೋನು ಬಂತು. ಸುಖೇಶ್ ಶೆಟ್ಟಿ, ಅವಳಿದ್ದ ಅಪಾರ್ಟ್‌ಮೆಂಟ್ ಸೊಸೈಟಿಯ ಕಾರ್ಯದರ್ಶಿ, ಕುಂದಾಪುರದ ಕಡೆಯವರು, ಹಿಂಜವಾಡಿಯಲ್ಲಿ ಹೋಟೆಲು ಇಟ್ಟಿದ್ದಾರೆ. ಮಧ್ಯಾಹ್ನದ ಊಟದ ಗಲಾಟೆಯ ಹೊತ್ತಿನಲ್ಲಿ ಅವರು ಫೋನು ಮಾಡಿದ್ದಾರೆಂದರೆ ನೀರಿನ ಪೈಪು ಒಡೆದಿರಬೇಕು.

"ಮೇಡಂ, ನಿಮ್ಮ ಅತ್ತೆಯವರು ಕೆಳಗೆ ಗೇಟಿನ ಹತ್ರ ಕುರ್ಚಿ ಹಾಕಿ ಕೂತಿದ್ದಾರೆ. ಕರೆದರೆ ಮೇಲೆ ಬರುವುದಿಲ್ಲ ಅಂತಾರೆ ಮಾರಾಯ್ರೆ. ಅವರನ್ನು ನೋಡಿ ಬಿ ವಿಂಗಿನವರೂ ನಾಕು ಜನ ಕೆಳಗೆ ಬಂದಿದ್ದಾರೆ. ಏನಾದರೂ ಆಗಲಿಕ್ಕುಂಟಾ, ನಮಗೂ ಒಂದು ಮಾತು ಹೇಳಬಹುದಿತ್ತಲ್ಲ."

ಏನೂ ಆಗುವುದಿಲ್ಲ ಎಂದು ಅವಳ ಬಾಯಿ ಹೇಳಿಬಿಟ್ಟಿತು. ಎದುರಿಗೆ ನಿರ್ದೇಶಕರು, ನೋಡಿದಿರಾ ಎನ್ನುವಂತೆ ಹುಬ್ಬು ಏರಿಸಿದರು.

ಮನೆಗೆ ಹೊರಟ ಕ್ಯಾಬು ವಿಶ್ವವಿದ್ಯಾಲಯದ ಸರ್ಕಲ್ಲಿನಲ್ಲೇ ನಿಂತಿತು. ಮೆಟ್ರೋದ ಕಂಬಗಳ ನಡುವೆ ಗಾಡಿಗಳು ಒಂದಕ್ಕೊಂದು ಮೂತಿ ತಾಗಿಸಿಕೊಂಡು ನಿಂತಿದ್ದವು. ಮಾಧುರಿ ಗಂಡನಿಗೆ ಫೋನು ಮಾಡಿದಳು. ಬಸವಪ್ರಭು ಭೋಸರಿಯ ಒಂದು ಕಾರ್ಖಾನೆಯಲ್ಲಿ ಮಷಿನ್ ಶಾಪಿನ ಉಸ್ತುವಾರಿ. ಅವನ ಹಿಂದೆ ಪ್ರೆಸ್ಸುಗಳ ಸದ್ದು, ಅದರ ಮೇಲೆ ಅವನ ಕೂಗು. ತನಗೆ ಬಿಟ್ಟು ಬರಲಾಗದು, ಆಡಿಟ್‌ನವರು ಬಂದಿದ್ದಾರೆ, ನೀನೇ ತಿಳಿಸಿ ಹೇಳು, ನೀನು ಅದನ್ನೇ ಓದಿದವಳಲ್ಲವೇ ಎಂದ. ನೀನು ಓದಿದವಳು. ಈ ಮಾತು ಅವಳನ್ನು ಮದುವೆಯಾದಂದಿನಿಂದ ಬೆನ್ನು ಹತ್ತಿತ್ತು. ಸೊಲ್ಲಾಪುರದ ತವರಿನಲ್ಲಿ ಅದು ಹೊಗಳಿಕೆಯಾಗಿತ್ತು. ಇಲ್ಲಿ ಮಿಕ್ಸರ್ ಕೆಟ್ಟರೂ ಮಳೆ ತಡವಾದರೂ ಅವಳೇ ಉತ್ತರ ಹೇಳಬೇಕಾದ ಕೆಲಸವಾಯಿತು. ಭೂಮಿ ಯಾಕೆ ನಡುಗುತ್ತದೆ ಎಂದು ಅತ್ತೆ ಮಾತ್ರ ಒಮ್ಮೆಯೂ ಕೇಳಿರಲಿಲ್ಲ. ಅತ್ತೆಯ ಅಕ್ಕ, ಊರೂರೇ ನೆಲಸಮವಾದ ತೊಂಬತ್ತಮೂರರ ಕಿಲ್ಲಾರಿ ಭೂಕಂಪದಲ್ಲಿ ಸತ್ತಿದ್ದರು. ಮದುವೆಯ ಹೊಸದರಲ್ಲಿ ಬಸವಪ್ರಭು ಒಂದೇ ಸಲ ಅದನ್ನು ಹೇಳಿ, ಅವ್ವ ಆ ಮಾತು ತೆಗೆಯೂದಿಲ್ಲ, ನೀನೂ ತೆಗೀಬ್ಯಾಡ ಎಂದಿದ್ದ. ಅವಳು ತೆಗೆದಿರಲಿಲ್ಲ. ತೆಗೆಯದೆ ಇರುವುದು ಭಾಳ ಹಗುರಾಗಿತ್ತು. ಅತ್ತೆ ಗೌರಾಬಾಯಿ ಬೆಳಿಗ್ಗೆ ಎದ್ದು ಲಿಂಗಪೂಜೆ ಮಾಡಿ, ರೊಟ್ಟಿ ಬಡಿದು, ಸೊಸೆಯ ಡಬ್ಬಿ ಕಟ್ಟುತ್ತಿದ್ದರು. ಮಾಧುರಿ ಆ ಡಬ್ಬಿ ತೆಗೆದುಕೊಂಡು ಹೋಗಿ ಮಧ್ಯಾಹ್ನ ಶೇಂಗಾ ಚಟ್ನಿ ನೆಕ್ಕುತ್ತ ಕಂಪ್ಯೂಟರಿನಲ್ಲಿ ಕಿಲ್ಲಾರಿಯ ನಕ್ಷೆ ತಿರುಗಿಸುತ್ತಿದ್ದಳು. ಎರಡಕ್ಕೂ ಸಂಬಂಧವಿದೆ ಎಂದು ಅವಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಬೇಸರಕ್ಕೆ ಫೋನಿನಲ್ಲಿ ಆ ಹುಡುಗನ ಟಿವಿ ತುಣುಕನ್ನು ಮತ್ತೆ ಹಾಕಿಕೊಂಡಳು. ಲಾವಾ ಅನ್ನುವ ಅಕ್ಷರಗಳು ಬೆಂಕಿ ಹತ್ತಿದಂತೆ ಉರಿಯುತ್ತಿದ್ದವು. ಅಷ್ಟಕ್ಕೇ ರಕ್ತ ಕುದಿದು ಎಂದಿನಂತೆ ನಡುವೆಯೇ ನಿಲ್ಲಿಸಿದಳು. ಕೊನೆಯವರೆಗೆ ಅವಳು ಒಮ್ಮೆಯೂ ನೋಡಿರಲಿಲ್ಲ. ತನ್ನ ದನಿ ಕೇಳಲು ಅವಳಿಗೆ ನಾಚಿಕೆ. ಚಾಲಕ ಕನ್ನಡಿಯಲ್ಲಿ ಅವಳನ್ನು ನೋಡಿ, ಮ್ಯಾಡಮ್, ಇದು ನೀವೇ ಅಲ್ಲವಾ, ನನ್ನ ಹೆಂಡತಿ ಊರಿಗೆ ಹೋಗೋಣ ಅಂತ ಹಟ ಹಿಡಿದಿದ್ದಾಳೆ, ಹೋಗಲಾ ಬೇಡವಾ ಎಂದು ಮರಾಠಿಯಲ್ಲಿ ಕೇಳಿದ. ಯಾವ ಊರು ಎಂದಳು. ಕೊಯ್ನಾ ಕಡೆ ಎಂದ. ಅಲ್ಲಿ ಇಲ್ಲಿಗಿಂತ ಹೆಚ್ಚು ನಡುಗುತ್ತದೆಯಪ್ಪಾ ಎನ್ನಲು ಹೋಗಿ ಸುಮ್ಮನಾದಳು. ಏನು ಹೇಳಿದರೂ ಅದು ಅವನ ಮನೆ ಮುಟ್ಟುವಷ್ಟರಲ್ಲಿ ಬೇರೆಯೇ ಆಗಿರುತ್ತದೆ. ಈ ಜನಕ್ಕಿಂತ ಕಲ್ಲು ವಾಸಿ. ಅದು ಹೇಳುವ ಸುಳ್ಳಿಗೂ ಒಂದು ಲೆಕ್ಕವಿದೆ.

ಗೇಟಿನ ಬಳಿ ಗೌರಾಬಾಯಿ ಕಾವಲುಗಾರನ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು, ತಲೆಯ ಮೇಲೆ ಸೆರಗು, ಮಡಿಲಲ್ಲಿ ಫೋನು. ಸುತ್ತ ಐದಾರು ಹೆಂಗಸರು, ಒಬ್ಬಾಕೆಯ ಕೈಯಲ್ಲಿ ಒಡವೆಯ ಡಬ್ಬಿಯಂಥದು. ಮಾಧುರಿ ಕ್ಯಾಬಿನಿಂದ ಇಳಿಯುತ್ತಲೇ ಎಲ್ಲರೂ ಅವಳ ಕಡೆ ತಿರುಗಿದರು. ವಿಜ್ಞಾನಿಯ ಅತ್ತೆಯೇ ಕೆಳಗೆ ಬಂದಿದ್ದಾರೆಂದರೆ ಸುಮ್ಮನೆ ಬಂದಿರುವುದಿಲ್ಲ ಎಂದು ಯಾರೋ ಹಿಂದಿಯಲ್ಲಿ, ಅವಳಿಗೆ ಕೇಳಲೆಂದೇ ಅಂದರು. ಸುಖೇಶ್ ಶೆಟ್ಟರ ಹೆಂಡತಿ ಪಂಕಜಾಕ್ಷಿ ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದಳು, ತಪ್ಪು ಮಾಡಿದವಳ ಹಾಗೆ. ಮಾಧುರಿಗೆ ಬೆನ್ನಿನಿಂದ ಕಿವಿಯವರೆಗೆ ಬಿಸಿಯೇರಿತು. ಊರಿಗೆಲ್ಲ ಏನೂ ಆಗುವುದಿಲ್ಲ ಎಂದು ಓದಬೇಕಾದವಳು, ಮನೆಯ ಒಬ್ಬರನ್ನು ಮೇಲಕ್ಕೆ ಕರೆದುಕೊಂಡು ಹೋಗಲಾರದೆ ನಿಂತಿದ್ದಾಳೆ.

ಕುರ್ಚಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಹಲ್ಲು ಕಚ್ಚಿ ತಾಳ್ಮೆ ತಂದುಕೊಂಡು, ಅವಳು ಹೇಳತೊಡಗಿದಳು. ಅತ್ತಿ, ಟಿವಿಯವರು ಹೇಳಿದ್ದು ಸುಳ್ಳು, ಕೆಳಗ ಇರೂದು ಬೆಂಕಿ ಅಲ್ಲ, ಆರಿ ಕಲ್ಲಾಗಿದ್ದು, ಅದು ಅಲುಗೂದಿಲ್ಲ, ನಮ್ಮ ಬಿಲ್ಡಿಂಗು ಕಾಂಕ್ರೀಟಿಂದು, ಮಣ್ಣಿನ ಮಾಳಿಗಿ ಅಲ್ಲ. ಹೇಳುತ್ತ ಹೇಳುತ್ತ ತನ್ನ ದನಿ ಶಾಲಾ ಮಾಸ್ತರರ ದನಿಯಾಗುತ್ತಿರುವುದು ಅವಳಿಗೇ ಕೇಳಿಸಿತು. ಕಲ್ಲಂಗಡಿಯ ಉದಾಹರಣೆಯೂ ಬಂತು. ಗೌರಾಬಾಯಿ ಕೇಳಿಸಿಕೊಳ್ಳುತ್ತಿದ್ದರು, ಆದರೆ ಅವಳ ಮುಖ ನೋಡುತ್ತಿರಲಿಲ್ಲ. ಅವಳ ಹೆಗಲಿನಾಚೆ ರಸ್ತೆಯಲ್ಲಿ ಕಂಪನಿ ಬಸ್ಸೊಂದು ತಿರುಗಲಾರದೆ ಹಿಂದೆ ಮುಂದೆ ಮಾಡುತ್ತಿರುವುದನ್ನು ನೋಡುತ್ತಿದ್ದರು. ಮಾಧುರಿಯ ಮೊಣಕಾಲು ನೋಯತೊಡಗಿತು. ಸಂಜೆ ಕ್ಯಾಮೆರಾದವರು ಬರುತ್ತಾರೆ, ನಾನು ವಾಪಸು ಹೋಗಬೇಕು, ಅಂಜಬ್ಯಾಡ್ರಿ, ಏಳ್ರಿ ಎಂದು ತೋಳು ಹಿಡಿದಳು. ಗೌರಾಬಾಯಿ ತೋಳು ಬಿಡಿಸಿಕೊಂಡರು.

"ಅಂಜಿಕಿ ಯಾರಿಗದ?" ಎಂದರು.

ಪಂಕಜಾಕ್ಷಿ ಹೆಂಗಸರನ್ನೆಲ್ಲ ಮೆಲ್ಲಗೆ ಆಚೆಗೆ ಸರಿಸಿದಳು. ಹೋಗುವಾಗ ಮಾಧುರಿಯ ಕಿವಿಯಲ್ಲಿ ಅವಳೇ ಹೇಳಿದಳು: ಊರಿನಿಂದ ಯಾರೋ ಅಮ್ಮನಿಗೆ ಆ ವಿಡಿಯೋ ಕಳಿಸಿದ್ದರು, ನನ್ನ ಸೊಸಿ ಟಿವಿಯಾಗ ಬಂದಾಳ ಬಾ ಅಂತ ನನ್ನನ್ನು ಕರೆದು ತೋರಿಸುತ್ತಿದ್ದರು, ಖುಷಿಯಲ್ಲೇ ಇದ್ದರು, ಪೂರಾ ಮುಗಿಯುವಷ್ಟರಲ್ಲಿ ಎದ್ದು ಚಪ್ಪಲಿ ಹಾಕದೆ ಕೆಳಗಿಳಿದು ಬಂದರು. ಮಾಧುರಿ ಅತ್ತೆಯ ಪಾದ ನೋಡಿದಳು. ಬರಿಗಾಲು. ಗೌರಾಬಾಯಿ ಮಡಿಲಿನ ಫೋನನ್ನು ಅವಳ ಕೈಗೆ ಕೊಟ್ಟರು. ಅದರಲ್ಲಿ ತುಣುಕು ಕೊನೆಗೆ ಬಂದು ನಿಂತಿತ್ತು. ಅವಳು ಸ್ವಲ್ಪ ಹಿಂದಕ್ಕೆ ಎಳೆದು ಹಾಕಿದಳು. ಹುಡುಗ ಕೇಳುತ್ತಿದ್ದ, ಇಷ್ಟು ಆಳದ ವಿಷಯ ನಿಮಗೆ ಹೇಗೆ ತಿಳಿಯುತ್ತದೆ. ಅವಳೇ ಅಲ್ಲಿ ಮರಾಠಿಯಲ್ಲಿ ಹೇಳುತ್ತಿದ್ದಳು, ಸಿಡಿತ ನಾವು ಮಾಡಬೇಕು, ಆದರೆ ಭೂಕಂಪವಾದರೆ ಅಲೆ ತಾನಾಗಿಯೇ ಸಿಗುತ್ತದೆ, ಕಿಲ್ಲಾರಿಯ ನಂತರದ ಸಣ್ಣ ಸಣ್ಣ ಕಂಪನಗಳಿಂದಲೇ ಈ ಕರಿಕಲ್ಲಿನ ಕೆಳಗೆ ಏನಿದೆ ಎಂದು ಅಷ್ಟು ಕಲಿತೆವು, ವಿಜ್ಞಾನದ ದೃಷ್ಟಿಯಿಂದ ಕಿಲ್ಲಾರಿ ನಮಗೊಂದು ದೇಣಗಿಯೇ. ದೇಣಗಿ, ಕೊಡುಗೆ. ಹೇಳಿ ನಕ್ಕಿದ್ದಳು. ಕೆಟ್ಟ ನಗುವಲ್ಲ. ತನ್ನ ವಿಷಯ ಮಾತಾಡುವಾಗ ಯಾರಿಗಾದರೂ ಬರುವ ನಗು. ಚಿತ್ರ ಅಲ್ಲೇ, ಅವಳ ಹಲ್ಲಿನ ಮೇಲೆ, ನಿಂತಿತು.

"ಕೊಟ್ಟದ್ದು ಯಾರು?" ಎಂದರು ಗೌರಾಬಾಯಿ. ದನಿ ಏರಿರಲಿಲ್ಲ. "ನಮ್ಮ ಅಕ್ಕ ಕೊಟ್ಟಳೇನು ನಿಮಗ?"

ಮಾಧುರಿಗೆ ಹೇಳಲು ಎಷ್ಟೋ ಇದ್ದವು. ಅದು ಹಂಗಲ್ರಿ, ಅದು ವಿಜ್ಞಾನದಾಗ ಅನ್ನೂ ಮಾತು, ಮುಂದಿನವರು ಉಳೀಲಿ ಅಂತನ ನಾವು ಇದನ್ನ ಓದೂದು. ಒಂದೊಂದೂ ನಿಜವೇ, ಒಂದೊಂದೂ ನಿರ್ದೇಶಕರ ಹಾಳೆಯ ಸಾಲಿನಂತೆ ನಾಲಿಗೆಯ ತುದಿಯವರೆಗೆ ಬಂದು ನಿಂತವು. ಅವಳ ಹೊಟ್ಟೆಯಲ್ಲಿದ್ದ ಸಿಟ್ಟು ಯಾರ ಮೇಲೆ ಬೀಳಬೇಕೆಂದು ತಿಳಿಯದೆ ಹುಡುಕಾಡಿತು. ಆ ಹುಡುಗ ಇದನ್ನು ಕತ್ತರಿಸಬಹುದಿತ್ತು. ಬೇಕಾದ್ದನ್ನು ಕತ್ತರಿಸಿ ಇದನ್ನು ಬಿಟ್ಟ. ಬಸವಪ್ರಭು ಮಾತು ತೆಗೀಬ್ಯಾಡ ಅನ್ನಬಾರದಿತ್ತು. ಅತ್ತೆಯಾದರೂ ಇಷ್ಟು ವರ್ಷ ಡಬ್ಬಿ ಕಟ್ಟುವ ಬದಲು ಒಮ್ಮೆ ಅಳಬಹುದಿತ್ತು. ಎಲ್ಲರ ಮೇಲೂ ಒಂದೊಂದು ಗಳಿಗೆ ಕೂತು, ಆ ಸಿಟ್ಟು ತಿರುಗಿ ಅವಳ ಹತ್ತಿರವೇ ಬಂತು.

"ನೀವೆಲ್ಲ ಸತ್ತಿದ್ದಕ್ಕ ನಮಗ ಓದ್ಲಾಕ ಅನುಕೂಲ ಆಯ್ತೇನು, ಅಷ್ಟ ಹೇಳು," ಎಂದರು ಗೌರಾಬಾಯಿ. ನೀವೆಲ್ಲ, ನಮಗ ಎಂದು ಅವರು ಅದಲುಬದಲು ಮಾಡಿ ಹೇಳಿದ್ದು ಬಾಯಿತಪ್ಪಿಯೋ ಬೇಕೆಂದೋ ತಿಳಿಯಲಿಲ್ಲ.

"ಹೌದ್ರಿ ಅತ್ತಿ, ಆಯ್ತು," ಎಂದಳು ಮಾಧುರಿ.

ಬಸ್ಸು ಕೊನೆಗೂ ತಿರುಗಿ ಹೋಯಿತು. ಅಷ್ಟರಲ್ಲಿ ನಿರ್ದೇಶಕರ ಫೋನು ಬಂತು. ಕ್ಯಾಮೆರಾದವರು ಬೇಗ ಬರುತ್ತಾರಂತೆ, ಹೊರಟಿರಾ. ಇಲ್ಲ ಎಂದಳು. ಆ ಹಾಳೆ ನಾನು ಓದುವುದಿಲ್ಲ ಸರ್, ಕೆಳಗೆ ಲಾವಾ ಇಲ್ಲ, ಉಳಿದದ್ದು ಗೊತ್ತಿಲ್ಲ ಎಂದು ಬರೆಸಿದರೆ ಓದುತ್ತೇನೆ, ಮತ್ತೆ ಕಿಲ್ಲಾರಿಯ ಬಗ್ಗೆ ನಾನು ಆಡಿದ ಮಾತಿಗೆ ಕ್ಷಮೆ ಕೇಳುವ ಒಂದು ಸಾಲೂ ಇರಬೇಕು. ಗೊತ್ತಿಲ್ಲ ಅನ್ನುವ ವಿಜ್ಞಾನಿಯನ್ನು ಯಾವ ಪಂಚಾಯಿತಿ ತನ್ನ ಹೊಲದಲ್ಲಿ ಕೊರೆಯಲು ಬಿಡುತ್ತದೆ ಎಂದು ಅವರು ಕೇಳಿದರು. ಬಿಡುವುದಿಲ್ಲ ಎಂದು ಅವಳು ಒಪ್ಪಿಕೊಂಡಳು. ಹಾಗಾದರೆ ಈ ವರ್ಷ ಯಂತ್ರಗಳ ಸಾಲು ಇಲ್ಲ, ಮುಂದಿನ ವರ್ಷದ್ದು ನಾನು ಹೇಳಲಾರೆ, ನೀವೇ ತಂದುಕೊಂಡಿರಿ ಎಂದು ಅವರು ಫೋನಿಟ್ಟರು. ದೊಡ್ಡ ಕೆಲಸ ಮಾಡಿದ ಹೆಮ್ಮೆಯೇನೂ ಅವಳಿಗೆ ಬರಲಿಲ್ಲ. ಆ ದಟ್ಟ ಗೆರೆ ನಿಜವೋ ಪದರಗಳ ಸುಳ್ಳೋ ಎಂದು ಇನ್ನೊಂದು ವರ್ಷ, ಬಹುಶಃ ಇನ್ನೂ ಹಲವು ವರ್ಷ ತಿಳಿಯುವುದಿಲ್ಲ ಎಂಬ ಕಿರಿಕಿರಿ ಮಾತ್ರ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಉಳಿಯಿತು.

ಗೌರಾಬಾಯಿ ಎದ್ದರು. ಮೇಲೆ ಬರುತ್ತೇನೆಂದಾಗಲಿ ಬರುವುದಿಲ್ಲವೆಂದಾಗಲಿ ಹೇಳದೆ ಮೆಟ್ಟಿಲಿನ ಕಡೆ ನಡೆದರು. ಲಿಫ್ಟಿನಲ್ಲಿ ಅವರು ಎಂದೂ ಹತ್ತುವವರಲ್ಲ. ಮಾಧುರಿ ಹಿಂದೆ ಹೋದಳು. ಎರಡನೆಯ ಮಹಡಿ ದಾಟಿದ ಮೇಲೆ ಉಸಿರು ಸಾಲದೆ ಅವರು ಮೆಟ್ಟಿಲ ಮೇಲೆಯೇ ಕೂತರು. ಮಾಧುರಿ ಒಂದು ಮೆಟ್ಟಿಲು ಕೆಳಗೆ ಕೂತಳು. ಯಾರದೋ ಮನೆಯಲ್ಲಿ ಕುಕ್ಕರು ಸೀಟಿ ಹಾಕಿತು. ಗೌರಾಬಾಯಿ ಗೋಡೆ ನೋಡುತ್ತ ಹೇಳತೊಡಗಿದರು. ಗಣಪತಿ ಹಬ್ಬಕ್ಕೆಂದು ಆಳಂದದಿಂದ ಅಕ್ಕನ ಊರಿಗೆ ಹೋಗಿದ್ದರಂತೆ. ಕಲ್ಲು ಮಣ್ಣಿನ ದಪ್ಪ ಗೋಡೆಯ ಮನೆ. ಒಳಗೆ ಸೆಕೆಯೆಂದು ಇವರು ಅಂಗಳದಲ್ಲಿ ಮಲಗಿದ್ದರು. ಅಕ್ಕನೂ ಹೊರಗೇ ಮಲಗುವವಳು, ಮೊಮ್ಮಗಳಿಗೆ ಜ್ವರ ಬಂದಿತ್ತೆಂದು ಒಳಗೆ ಹೋದಳು. ಅತ್ತೆ ಅಲ್ಲಿ ಇದ್ದರು ಎಂಬುದೇ ಮಾಧುರಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ.

"ಮೊದಲ ಸಪ್ಪಳ ಬಂತು," ಎಂದರು ಗೌರಾಬಾಯಿ. "ನೆಲದಾಗಿಂದ. ದೊಡ್ಡ ಬಂಡಿ ಹಾದುಹೋದಂಗ. ನಾ ಎದ್ದು ಕುಂತೆ."

ಮಾಧುರಿಯ ತಲೆಯಲ್ಲಿ ಯಂತ್ರವೊಂದು ತಾನಾಗಿ ಶುರುವಾಯಿತು. ಸಪ್ಪಳವೆಂದರೆ ಮೊದಲ ಅಲೆ, ವೇಗದ್ದು. ಅದರ ಹಿಂದೆ ಬರುವುದು ನಿಧಾನದ್ದು, ಮನೆ ಕೆಡಹುವುದು ಅದೇ. ಎರಡರ ನಡುವಿನ ಹೊತ್ತು ತಿಳಿದರೆ ಅದು ಎಷ್ಟು ದೂರದಿಂದ ಹೊರಟಿತೆಂದು ತಿಳಿಯುತ್ತದೆ. ಆ ಊರಿನಲ್ಲಿ ಆ ಹೊತ್ತಿಗೆ ಯಂತ್ರ ಇಟ್ಟವರು ಯಾರೂ ಇರಲಿಲ್ಲ. ಥೂ ಎಂದು ತನ್ನನ್ನೇ ಬೈದುಕೊಂಡು ಅವಳು ತಲೆ ತಗ್ಗಿಸಿದಳು. ನಿಲ್ಲಿಸಲು ನೋಡಿದಳು, ನಿಲ್ಲಲಿಲ್ಲ.

"ಏನೋ ಕೇಳಬೇಕಂತಿ ನೀ," ಎಂದರು ಗೌರಾಬಾಯಿ.

"ಏನಿಲ್ರಿ."

"ನಿನ್ನ ಉಸಿರಿನಾಗ ತಿಳೀತದ. ಕೇಳು."

ಕೇಳಬಾರದೆಂದು ಅವಳಿಗೆ ಗೊತ್ತಿತ್ತು. ಕೇಳದೆ ಸುಳ್ಳು ಮುಖ ಹಾಕಿಕೊಂಡು ಕೂತರೂ ಅತ್ತೆಗೆ ತಿಳಿಯುತ್ತದೆಂದೂ ಗೊತ್ತಿತ್ತು. "ಸಪ್ಪಳ ಆದ ಮ್ಯಾಲ ನೆಲ ನಡುಗ್ಲಾಕ ಎಷ್ಟ ಹೊತ್ತ ಹಿಡೀತ್ರಿ ಅತ್ತಿ?"

ಗೌರಾಬಾಯಿ ಕಣ್ಣು ಮುಚ್ಚಿದರು. ತುಟಿ ಒಮ್ಮೆ ಸದ್ದಿಲ್ಲದೆ ಅಲುಗಿತು, ಅಳತೆ ಮಾಡಿ ನೋಡುವವರಂತೆ.

"ಅಕ್ಕಾ ಅಂತ ಒಮ್ಮಿ ಕೂಗಿದೆ," ಎಂದರು. "ಇನ್ನೊಮ್ಮಿ ಕೂಗೂದ್ರಾಗ ಮನಿ ಇರಲಿಲ್ಲ."

ಒಂದು ಕೂಗು, ಒಂದು ಸೆಕೆಂಡು. ಏಳೆಂಟು ಕಿಲೋಮೀಟರ್ ದೂರ. ಪುಸ್ತಕದಲ್ಲಿ ಓದಿದ್ದಕ್ಕೆ ಲೆಕ್ಕ ಸರಿಯಾಗಿ ಕೂತಿತು. ಹಾಗೆ ಕೂತಾಗ ಎಂದಿನಂತೆ ಎದೆಯಲ್ಲಿ ಏನೋ ಒಂದು ಹಗುರಾಗಿ ಏಳುತ್ತದಲ್ಲ, ಅದೂ ಎದ್ದಿತು. ಅದರ ಹಿಂದೆಯೇ ಇನ್ನೊಂದು ಬಂದು ಅವಳನ್ನು ಬುಡಸಮೇತ ಅಲುಗಿಸಿತು. ಅವಳು ಮೆಟ್ಟಿಲಿನ ಕಂಬಿ ಹಿಡಿದುಕೊಂಡಳು. ಕೆಳಗೆ ಸುಖೇಶ್ ಶೆಟ್ಟರು ಬಿ ವಿಂಗಿನವರನ್ನು ಗದರಿಸಿ ಮನೆಗೆ ಕಳಿಸುತ್ತಿರುವುದು ಕೇಳಿಸುತ್ತಿತ್ತು.

"ಇನ್ನೇನರೆ ಕೇಳೂದದ?" ಎಂದರು ಗೌರಾಬಾಯಿ.

ಮಾಧುರಿ ಕಂಬಿ ಬಿಟ್ಟು ಅತ್ತೆಯ ಕಡೆ ತಿರುಗಿದಳು.

"ಅಕ್ಕಾರ ಹೆಸರೇನಿತ್ರಿ?"

ಗೌರಾಬಾಯಿ ಇಡೀ ದಿನದಲ್ಲಿ ಮೊದಲ ಸಲ ಸೊಸೆಯ ಮುಖ ನೋಡಿದರು.

"ಬಸವಣ್ಣೆವ್ವ," ಎಂದರು. ಆಮೇಲೆ ಏಳಲೆಂದು ಅವಳ ಹೆಗಲ ಮೇಲೆ ಕೈ ಊರಿದರು.